ಎಡಕ್ಕೆ ನೋಡುವ ಹಂಸ

ರಬ್ಬರಿನಲ್ಲಿ ಅಚ್ಚು ಕೆತ್ತುವ ಹೊಸ ಹುಚ್ಚು ಹತ್ತಿಸಿಕೊಂಡಿದ್ದ ಶೇಷಗಿರಿರಾಯರು ಮೊದಲು ಕೆತ್ತಿದ್ದು ತಮ್ಮ ಹೆಸರನ್ನೇ. ಕಾಗದದ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿದಾಗ, ಹೋದ ವಾರ ಬಂದಿದ್ದ ಮಗಳು ಮಾಲಿನಿ ಬಿದ್ದು ಬಿದ್ದು ನಕ್ಕಿದ್ದಳು.

ಇಂದು ಅವಳು ಒಡೆದ ತುಟಿ ಹೊತ್ತು ಓಡಿಬಂದಿದ್ದಳು. ಊದಿದ ಕೆನ್ನೆಯ ಮೇಲೆ ಪುಟ್ಟ ಹಂಸವೊಂದರ ಗುರುತು ಹೆಪ್ಪುಗಟ್ಟಿತ್ತು. ಬೆನ್ನಿಗೇ ಅಳಿಯನೂ ಬಂದ.

“ಉಂಗುರದ ಕೈಯಲ್ಲೇ ಗುದ್ದಿದರು, ಅಪ್ಪ. ನಾನು ಮತ್ತೆ ಅಲ್ಲಿಗೆ ಹೋಗಲ್ಲ.”

“ಬೀರುವಿನ ಹಿಡಿಗೆ ಬಡಿದುಕೊಂಡಿದ್ದಾಳೆ, ಮಾವ. ಆ ಹಿಡಿಯಲ್ಲೂ ಹಂಸ ಇದೆ, ಬಲಕ್ಕೆ ನೋಡೋದು.” ಅಳಿಯ ಮುಷ್ಟಿ ಚಾಚಿದ. “ನೀವು ಸೈನ್ಸ್ ಓದಿದವರು, ನೀವೇ ನೋಡಿ. ನೀವು ಮದುವೇಲಿ ಕೊಟ್ಟ ಉಂಗುರದ ಹಂಸ ಎಡಕ್ಕೆ ನೋಡುತ್ತೆ. ಇವಳ ಕೆನ್ನೆ ಮೇಲಿರೋದು ಬಲಕ್ಕೆ. ಇನ್ನೇನು ಹೇಳ್ಬೇಕು?”

ರಾಯರು ಎರಡನ್ನೂ ಬಹಳ ಹೊತ್ತು ನೋಡಿದರು.

“ಹೌದು, ದಿಕ್ಕು ಬೇರೆ ಬೇರೆ.”

ಮಾಲಿನಿ ತಲೆ ತಗ್ಗಿಸಿದಳು. ಅಳಿಯ ಅವಳ ತೋಳು ಹಿಡಿದೆಳೆದ. “ನಡಿ.”

“ಒಂದು ನಿಮಿಷ, ಅಳಿಯಂದಿರೇ,” ಎಂದ ರಾಯರು ಅವನ ಮುಷ್ಟಿಯನ್ನು ಶಾಯಿಯ ಪ್ಯಾಡಿಗೆ ಒತ್ತಿ, ಎತ್ತಿ, ಬಿಳಿ ಹಾಳೆಗೆ ಅಪ್ಪಳಿಸಿದರು.

ಹಾಳೆಯ ಹಂಸ ಬಲಕ್ಕೆ ನೋಡುತ್ತಿತ್ತು.