ಪೆಟ್ಟಿಗೆಯಲ್ಲಿ ಎದ್ದ ಗುಡ್ಡ

ಪೆಟ್ಟಿಗೆಯ ಮಧ್ಯೆ ಒಂದು ಪುಟ್ಟ ಗುಡ್ಡ ಎದ್ದಿತ್ತು. ಪ್ರೊಫೆಸರು ಮಂಡಿಯೂರಿ, ಗಾಜಿಗೆ ಮೂಗು ಒತ್ತಿಕೊಂಡು ಅದನ್ನೇ ನೋಡುತ್ತಿದ್ದರು. ಜರಡಿಯಮ್ಮ ಬಾಗಿಲಲ್ಲೇ ನಿಂತಳು. ಹನ್ನೆರಡು ವರ್ಷದ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡಳು.

ಅವಳ ಕೆಲಸ ಏನು ಅಂತ ಹೇಳಿದರೆ ನೆಂಟರಿಷ್ಟರು ಯಾರೂ ನಂಬುತ್ತಿರಲಿಲ್ಲ. ಮೇಜಿನಷ್ಟು ಉದ್ದದ ಗಾಜಿನ ಪೆಟ್ಟಿಗೆ. ಅದರ ತಳ ಎರಡು ಹೋಳು. ಒಂದು ಹೋಳನ್ನು ಮೋಟಾರು ಗಂಟೆಗೆ ಕೂದಲೆಳೆಯಷ್ಟು ಆಚೆಗೆ ಎಳೆಯುತ್ತದೆ; ಅದು ಭೂಮಿ ಬಿರಿಯುವುದು. ತಳದ ಮೇಲೆ ಬೆರಳು ದಪ್ಪದ ಅಂಟು ಮುದ್ದೆ. ಅದು ಯಾವುದೋ ಕಾಲದ ಸಮುದ್ರ ಒಣಗಿ ಉಳಿದ ಉಪ್ಪು. ಅದರ ಮೇಲೆ ಗಂಟೆಗೊಂದು ಸಲ ಜರಡಿ ಹಿಡಿದು ಬಣ್ಣದ ಮರಳು ಉದುರಿಸಬೇಕು. ಅದು ಹೊಳೆಗಳು ತಂದು ಸುರಿಯುವ ಹೂಳು. ಪೆಟ್ಟಿಗೆಯ ಒಂದು ಗಂಟೆ ಅಂದರೆ ಹೊರಗಿನ ಹತ್ತು ಲಕ್ಷ ವರ್ಷ. ಹೂಳಿನ ಭಾರಕ್ಕೆ ಉಪ್ಪು ಕಣಕದ ಹಾಗೆ ಜರುಗಿ, ಹಗುರ ಇದ್ದ ಕಡೆ ಗುಡ್ಡವಾಗಿ ಏಳುತ್ತದೆ ಅಂತ ಪುಸ್ತಕಗಳು ಹೇಳುತ್ತವೆ. ಈ ಪೆಟ್ಟಿಗೆಯಲ್ಲಿ ಮಾತ್ರ ನೆಲ ಬಿರಿಯುತ್ತಿತ್ತು, ತಗ್ಗು ಬೀಳುತ್ತಿತ್ತು, ಉಪ್ಪು ಒಂದು ಸಲವೂ ತಲೆ ಎತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರು ಆಗಲೇ ಟೇಪು ತಂದು ಕೋಣೆ ಅಳೆದು ಹೋಗಿದ್ದರು. ಜೆರಾಕ್ಸ್ ಮೆಷಿನ್‌ಗಳಿಗೆ ಜಾಗ ಬೇಕಂತೆ.

"ತಪ್ಪಾಯ್ತು ಸರ್," ಎಂದಳು ಜರಡಿಯಮ್ಮ. "ನಿನ್ನೆ ತಂಗಿ ಫೋನ್ ಮಾಡಿದ್ಲು."

ಉಳಿದದ್ದೂ ಒಂದೇ ಉಸಿರಿಗೆ ಹೊರಬಂತು. ಕಣ್ಣು ಮಂಜಾಗಿ ಅಮ್ಮ ಹೊಲಿಗೆ ಬಿಟ್ಟಾಗ, ಎರಡು ದಿನ ಇಟ್ಟುಕೊಂಡು ಕೊಡ್ತೀನಿ ಅಂತ ತಂಗಿ ಹೊಲಿಗೆ ಮೆಷಿನ್ ಒಯ್ದಿದ್ದಳು. ಆ ಎರಡು ದಿನಕ್ಕೆ ಈಗ ಹನ್ನೊಂದು ವರ್ಷ. ಹೊಲಿದದ್ದೂ ಇಲ್ಲ, ಕೊಟ್ಟದ್ದೂ ಇಲ್ಲ, ಮೇಲೊಂದು ಬಟ್ಟೆ ಹಾಸಿ ಟಿವಿ ಕೂರಿಸಿದ್ದಾಳೆ ಮಹಾರಾಯ್ತಿ. ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ಬೈಯುತ್ತಾ ಜರಡಿ ಹಿಡಿದಿದ್ದಕ್ಕೆ ಕೈ ವಾಲಿ, ಮರಳೆಲ್ಲ ಎಡಗಡೆಗೇ ಸುರಿದಿತ್ತು.

ಪ್ರೊಫೆಸರು ಬೈಯಲಿಲ್ಲ. "ಎಷ್ಟು ಹೊತ್ತು ಜಗಳ ಆಡಿದಿರಿ?" ಎಂದರು.

"ಮೂರು ಗಂಟೆ ಸರ್. ನಡುವೆ ಅವಳು ಒಲೆ ಆರಿಸೋಕೆ ಹೋಗಿದ್ಲು."

"ಮೂವತ್ತು ಲಕ್ಷ ವರ್ಷ," ಎಂದು ಅವರು ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು. ಜರಡಿಯಮ್ಮನ ಕೈ ಅಂದರೆ ತಕ್ಕಡಿ ಅಂತ ಹನ್ನೆರಡು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವರು ಅವರೇ. ಯಾವ ಹೊಳೆ ತಾನೇ ಇಷ್ಟು ಸಮನಾಗಿ ಹೂಳು ಹಾಸುತ್ತದೆ? ಉಪ್ಪಿಗೆ ಎಲ್ಲ ಕಡೆಯೂ ಒಂದೇ ಭಾರ, ಪಾಪ ಅದು ಎಲ್ಲಿಗೆ ಅಂತ ಏಳಬೇಕು? ಪ್ರೊಫೆಸರಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಮುಖ್ಯಸ್ಥರಿಗೆ ಯಾವುದೂ ಬರಲಿಲ್ಲ. ಒಂದು ಸಲ ಆದದ್ದು ಅದೃಷ್ಟ, ಶುಕ್ರವಾರದೊಳಗೆ ಇನ್ನೊಮ್ಮೆ ಮಾಡಿ ತೋರಿಸಿ, ಇಲ್ಲದಿದ್ದರೆ ಕೋಣೆ ಖಾಲಿ ಮಾಡಿ ಅಂದುಬಿಟ್ಟರು. ಬೇಕಂತಲೇ ಎಡಕ್ಕೆ ಒಂದು ಹಿಡಿ ಜಾಸ್ತಿ ಹಾಕಿದರಾಯಿತಲ್ಲ ಅಂದಳು ಜರಡಿಯಮ್ಮ. ಪ್ರೊಫೆಸರು ಕಿವಿ ಮುಚ್ಚಿಕೊಂಡರು. ಪ್ರಯೋಗ ಅಂದಮೇಲೆ ಒಂದು ಕೂದಲೂ ಆಚೀಚೆ ಆಗಕೂಡದು. ಅದೇ ಮರಳು, ಅದೇ ಸ್ಟೂಲು, ಅದೇ ಹೆಗಲು, ಅದೇ ತಂಗಿ.

ಹೀಗೆ, ಮೊದಲ ಗುಡ್ಡವನ್ನು ಜೋಪಾನವಾಗಿ ತೆಗೆದಿಟ್ಟು ಹೊಸ ಮುದ್ದೆ ಹಾಸಿದ ಮೇಲೆ, ಮಂಗಳವಾರ ಮಧ್ಯಾಹ್ನ ಜರಡಿಯಮ್ಮ ಗಂಟಲು ಸರಿಮಾಡಿಕೊಂಡು, ಜರಡಿ ಎತ್ತಿ, ತಾನೇ ತಂಗಿಗೆ ಫೋನ್ ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ತಂಗಿ, "ಅಕ್ಕಾ, ಮೆಷಿನ್ ಕಳಿಸಿದೀನಿ. ಎಣ್ಣೆ ಹಾಕಿಸಿ, ಬೆಲ್ಟ್ ಬದಲಾಯಿಸಿದೀನಿ. ಅವತ್ತು ನೀನು ಬೈದ ಮೇಲೆ ನನಗೆ ನಿದ್ದೆನೇ ಬರ್ತಿಲ್ಲ," ಅಂದಳು.

ಪ್ರೊಫೆಸರು ಹಣೆ ಹಣೆ ಚಚ್ಚಿಕೊಂಡರು. ಟಿವಿ ವಿಷಯ ತೆಗೆಯಿರಿ, ಏನಾದರೂ ತೆಗೆಯಿರಿ ಅಂತ ಕೈಸನ್ನೆ ಮಾಡಿದರು. ಜರಡಿಯಮ್ಮ ಪ್ರಯತ್ನವನ್ನೇನೋ ಮಾಡಿದಳು. ಬೈಗುಳ ಬರುವ ಜಾಗದಲ್ಲಿ ಅಳು ಬಂತು. ಆ ಕಡೆ ತಂಗಿಯೂ ಶುರುಮಾಡಿದಳು. ಅಕ್ಕನ ಕೈ ಗಡಗಡ ನಡುಗಿ, ಮರಳು ಮತ್ತೆ ಎಡಗಡೆಗೇ ಸುರಿಯತೊಡಗಿತು. ಪ್ರೊಫೆಸರು ಓಡಿಬಂದು, ಕಣ್ಣೀರು ಪೆಟ್ಟಿಗೆಗೆ ಬೀಳದ ಹಾಗೆ ತಮ್ಮ ಕರವಸ್ತ್ರವನ್ನು ಅವಳ ಗಲ್ಲದ ಕೆಳಗೆ ಹಿಡಿದರು. ಈ ಮೂವತ್ತು ಲಕ್ಷ ವರ್ಷದಲ್ಲಿ ಅಲ್ಲಿ ಸಮುದ್ರ ಬರುವ ಹಾಗಿರಲಿಲ್ಲ. ಅಕ್ಕತಂಗಿಯರಿಗೆ ಹಳೆಯದೆಲ್ಲ ಆಡಿ ಮುಗಿಸಲು ಮೂರು ಗಂಟೆಯೇ ಹಿಡಿಯಿತು, ಅಷ್ಟು ಹೊತ್ತೂ ಪ್ರೊಫೆಸರು ಕೈ ಇಳಿಸಲಿಲ್ಲ.

ಶುಕ್ರವಾರ ಎರಡೂ ಗುಡ್ಡಗಳನ್ನು ನೀರು ಚಿಮುಕಿಸಿ, ಬ್ರೆಡ್ಡಿನ ಹಾಗೆ ಕೊಯ್ದು ಮೇಜಿನ ಮೇಲೆ ಇಟ್ಟರು. ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಎರಡನೇದೇ ದೊಡ್ಡದಾಗಿದೆಯಲ್ರೀ," ಅಂದರು. ಕೋಣೆ ನಿಮಗೇ ಇರಲಿ ಅಂತ ಟೇಪು ಜೇಬಿಗೆ ಹಾಕಿಕೊಂಡು ಹೊರಟರು. ದಾಖಲೆ ಪುಸ್ತಕದಲ್ಲಿ 'ಕಾರಣ' ಅನ್ನುವ ಕಡೆ ಮೊದಲನೆಯದಕ್ಕೆ ಜಗಳ, ಎರಡನೆಯದಕ್ಕೆ ರಾಜಿ ಅಂತ ಬರೆದದ್ದನ್ನು ಪುಣ್ಯಕ್ಕೆ ಅವರು ನೋಡಲಿಲ್ಲ.

ಪ್ರೊಫೆಸರಿಗೆ ಈಗ ಆಸೆ ಹುಟ್ಟಿತು. ಮೂರನೇ ಸಲವೂ ಆಗಿಬಿಟ್ಟರೆ ಲೋಕದಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಹೊಸ ಮುದ್ದೆ ಹಾಸಿ, ಮೋಟಾರು ಚಾಲೂ ಮಾಡಿ, ಪೆನ್ನು ತೆಗೆದರು.

"ಜರಡಿಯಮ್ಮ, ನಿಮಗೆ ಇನ್ನೂ ಯಾರಾದರೂ ಒಡಹುಟ್ಟಿದವರು ಇದ್ದಾರಾ?"

"ಒಬ್ಬ ತಮ್ಮ ಇದಾನೆ ಸರ್. ಮಾತು ಬಿಟ್ಟು ಆರು ವರ್ಷ ಆಯ್ತು."

ಪ್ರೊಫೆಸರ ಮುಖ ಅರಳಿತು. "ಅವರ ಹತ್ತಿರ ನಿಮ್ಮದು ಏನಿದೆ?"

ಜರಡಿಯಮ್ಮ ಜರಡಿಯ ಅಂಚಿಗೆ ಅಂಟಿದ್ದ ಮರಳನ್ನು ಬೆರಳಲ್ಲಿ ಒರೆಸಿದಳು.

"ಅಮ್ಮ ಇದಾಳೆ ಸರ್."

ಪ್ರೊಫೆಸರು ಏನೂ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಬಗ್ಗಿ, ಮೋಟಾರಿನ ಸ್ವಿಚ್ಚು ಆರಿಸಿದರು.