ಮೂರನೆಯ ಕಥೆಯ ತಕರಾರು

ರಾಕ್ಷಸರ ಬೆನ್ನಲ್ಲೇ ದೆವ್ವಗಳಿಗೂ ಓಟಿನ ಹಕ್ಕು ಬಂದ ಮೇಲೆ, ‘ಶ್ರೇಷ್ಠ ಅದ್ಭುತ ಕಥೆಗಳು’ ಸಂಕಲನದ ಸಂಪಾದಕ ಬಸಲಿಂಗಯ್ಯನವರಿಗೆ ತಲೆನೋವು ಶುರುವಾಯಿತು. ರಾಕ್ಷಸರ ಕಥೆಗಳನ್ನೆಲ್ಲ ಸಾಮಾಜಿಕ ಕಥೆಗಳ ಸಂಪುಟಕ್ಕೆ ಸಾಗಿಸಿ ಉಸ್ಸೆನ್ನುವಷ್ಟರಲ್ಲಿ ಸಾವಂತ್ರವ್ವ ಎಂದಿನಂತೆ ಗೋಡೆ ತೂರಿ ಒಳಬಂದಳು. ಅವಳು ಸತ್ತು ಅರವತ್ತು ವರ್ಷವಾಗಿತ್ತು; ಸಂಕಲನದ ಮೂರನೆಯ ಕಥೆ ಅವಳದೇ.

“ನಂದು ಕಟ್ಟುಕತಿ ಅಲ್ರೀ ಸಾಹೇಬ್ರ, ಆತ್ಮಕತಿ! ಗಂಡ ನನ್ನ ಬಾವಿಗೆ ದಬ್ಬಿದ್ದು ಖರೇನ ಐತಿ. ಅದನ್ನ ಈ ಪುಸ್ತಕದಾಗಿಂದ ತಗೀರಿ.”

ಬಸಲಿಂಗಯ್ಯ ತಲೆ ಎತ್ತಲಿಲ್ಲ. ಹಿಂದೆ ಜನ ದೆವ್ವ ಓಡಿಸಲು ಬಾಗಿಲ ಮೇಲೆ ಬರೆಯುತ್ತಿದ್ದುದನ್ನೇ ಬಾಯಲ್ಲಿ ಹೇಳಿದರು: “ನಾಳೆ ಬಾ.”

ವರ್ಷಗಟ್ಟಲೆ ಬಾಗಿಲುಗಳ ಮೇಲೆ ಅದನ್ನೇ ಓದಿ ಮರಳಿದ್ದ ಸಾವಂತ್ರವ್ವ ಇಂದು ಮಾತ್ರ ನಕ್ಕಳು.

“ಬರ್ತೀನ್ರಿ. ನಾಳೆ ದೆವ್ವಗಳ ಪಾಳಿಯೊಳಗ ನನ್ನ ಹಿಂದ ನೀವೂ ನಿಂತಿರ್ತೀರಿ.”