ಒಂದಾಳುದ್ದದ ಹಸಿರು

ಹೊಲದ ಸಾಸಿವೆಯೆಲ್ಲ ನೇರಳೆಗಟ್ಟಿತ್ತು, ಬದುವಿನ ಪಕ್ಕದ ಒಂದು ಜಾಗ ಬಿಟ್ಟು. ಅಲ್ಲಿ ಮಾತ್ರ ಎಲೆಗಳು ಕಡುಹಸಿರು, ಕೈಯಗಲ. ಮಣ್ಣು ಪರೀಕ್ಷಿಸುವಾಕೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೊಲದೊಡತಿ ಹಿಂದೆ ನಿಂತಳು.

"ನಿಮ್ಮ ಮಣ್ಣಲ್ಲಿ ರಂಜಕಕ್ಕೇನೂ ಬರ ಇಲ್ಲಮ್ಮಾ. ಇದೆ, ಆದ್ರೆ ಬಿಗಿಹಿಡ್ಕೊಂಡು ಕೂತಿದೆ, ಬೆಳೆಗೆ ಬಿಟ್ಟುಕೊಡಲ್ಲ. ಅದಕ್ಕೇ ಈ ನೇರಳೆ. ನೆಲ ಬೋಳು ಬಿಡ್ಬೇಡಿ, ಸಾಸಿವೆ ಹೊದಿಸಿ ಅಂದಿದ್ದೂ ಅದಕ್ಕೇ. ಇದರ ಬೇರು ಹುಳಿ ಬಿಟ್ಟು ಮೆಲ್ಲಗೆ ಮಣ್ಣಿನ ಬಾಯಿ ಬಿಡಿಸುತ್ತೆ. ಆಮೇಲೆ ಕೊಚ್ಚಿ ಮಣ್ಣಿಗೇ ಸೇರಿಸಿದ್ರೆ ಮುಂದಿನ ಬೆಳೆಗೆ ದಕ್ಕುತ್ತೆ." ಆಕೆ ಹಸಿರೆಲೆಯೊಂದನ್ನು ಸವರಿದಳು. "ಇಲ್ಲಿ ಮಾತ್ರ ಬೇರಿಗೆ ಏನೋ ಗಟ್ಟಿ ಊಟ ಸಿಕ್ಕಿದೆ. ಅಡಿಯಲ್ಲಿ ಮೂಳೆ ಇದ್ರೆ ಹೀಗಾಗೋದುಂಟು. ಏನಾದ್ರೂ ಹೂತಿದ್ರಾ?"

"ಕರು," ಎಂದ ಬದುವಿನ ಮೇಲೆ ನಿಂತಿದ್ದ ಹೊಲದೊಡತಿಯ ಮೈದುನ. ಕೇಳಿದ್ದು ಅವನನ್ನಲ್ಲ. ಸಾಸಿವೆ ಬಿತ್ತುವಾಗ "ಮಣ್ಣಿಗೂ ಕಂಬಳಿ ಹೊದಿಸ್ತೀರಾ ಅತ್ತಿಗೆ? ಹಾಗೇ ಒಂದು ಜೋಗುಳಾನೂ ಹಾಡ್ಬಿಡಿ" ಎಂದು ನಕ್ಕಿದ್ದವನು ಈಗ ನಗಲಿಲ್ಲ.

"ಯಾವ ಕರುವೋ?" ಎಂದಳು ಅತ್ತಿಗೆ. ಕೊಟ್ಟಿಗೆಯ ಒಂದೊಂದು ಕರುವನ್ನೂ ಕೈಯಾರೆ ಹಾಲೂಡಿಸಿ ಬೆಳೆಸಿದವಳು. "ನಮ್ಮನೇಲಿ ಕರು ಸತ್ತಿದ್ದು ಯಾವಾಗ?"

"ನಿಮಗೆ ಮರೆತುಹೋಗಿದೆ."

ಅವಳು ಹಸಿರಿನ ಅಂಚು ಹಿಡಿದು ನಡೆದಳು. ಒಂದಾಳುದ್ದ. ಒಂದು ತುದಿ ಗುಂಡಗೆ. ಪಕ್ಕಕ್ಕೆ ತೋಳು ಚಾಚಿದಂತೆ ಒಂದು ಕವಲು. ಗಂಡ ಮಲಗುತ್ತಿದ್ದುದೇ ಹಾಗೆ, ಒಂದು ತೋಳನ್ನು ಅವಳ ಕಡೆಗೆ ಚಾಚಿ. ಅಣ್ಣ ತನ್ನ ಮೇಲೆ ಮುನಿದು ಮನೆ ಬಿಟ್ಟುಹೋದನೆಂದು ಬಂದು ಹೇಳಿದವನು ಇದೇ ಮೈದುನ. ಆ ಮಾತು ನಂಬಿ ಅವಳು ಇಷ್ಟು ವರ್ಷ ಬಾಗಿಲಿಗೆ ಚಿಲಕ ಹಾಕದೆ ಮಲಗಿದ್ದಳು. ಗಾಳಿ ಬೀಸಿತು. ನೇರಳೆ ಹೊಲವೆಲ್ಲ ತಲೆದೂಗಿತು. ಹಸಿರು ಮಾತ್ರ ಕಿವಿಗೊಟ್ಟಂತೆ ಸುಮ್ಮನಿತ್ತು.

"ನಾಳೆ ಆಳು ಕರೆಸಿ ಅಗೆಸ್ತೀನಿ," ಎಂದಳು.

ಬೆಳಿಗ್ಗೆ ಅವಳು ಆಳುಗಳೊಂದಿಗೆ ಬರುವಷ್ಟರಲ್ಲಿ ಟ್ರ್ಯಾಕ್ಟರು ಹೊಲವನ್ನು ಉದ್ದಕ್ಕೂ ಅಡ್ಡಕ್ಕೂ ಉತ್ತು ಮುಗಿಸಿತ್ತು. ಬದುವೂ ನೆಲಸಮ, ಹಸಿರಿದ್ದ ಜಾಗದ ಗುರುತೇ ಇಲ್ಲ. ಕೊಚ್ಚಿದ ಸಾಸಿವೆಯನ್ನು ಮೈದುನ ಹೊಲದ ತುಂಬ ಹರಡಿ ಮಣ್ಣಿಗೆ ಸೇರಿಸಿದ್ದ. "ಆಯಮ್ಮ ಹೇಳಿದ ಹಾಗೇ ಮಾಡಿದೀನಲ್ಲ ಅತ್ತಿಗೆ," ಎಂದ. ಆಳುಗಳು ಸಂಜೆಯವರೆಗೂ ಅಲ್ಲಿಷ್ಟು ಇಲ್ಲಿಷ್ಟು ಅಗೆದರು. ಎಲ್ಲೆಲ್ಲೂ ಒಂದೇ ಮಣ್ಣು.

ಮಳೆ ಬಿದ್ದು ಜೋಳ ಬಂತು. ಎಂದೂ ಬಾರದ ಹಾಗೆ ಬಂತು. ಒಂದೆಲೆಯೂ ನೇರಳೆಯಿಲ್ಲ. ಈ ತುದಿಯಿಂದ ಆ ತುದಿಗೆ ಅದೇ ಕಡುಹಸಿರು. ಮೈದುನ ಪೈರಿನ ನಡುವೆ ನಿಂತು ಕೈಬೀಸಿ ಕರೆದ: "ಬನ್ನಿ ಅತ್ತಿಗೆ, ನಿಮ್ಮ ಸಾಸಿವೆ ಹೊಲಾನೇ ಉದ್ಧಾರ ಮಾಡ್ತು! ಅಲ್ಲೇ ಯಾಕೆ ನಿಂತ್ರಿ?"

"ಆಗ ಒಂದು ಜಾಗ ತಪ್ಪಿಸಿ ನಡೆದಿದ್ರೆ ಸಾಕಿತ್ತು," ಎಂದಳು ಅವಳು, ಹೊಲದ ಅಂಚಿನಿಂದಲೇ. "ಈಗ ನಿಮ್ಮಣ್ಣ ಹೊಲದ ತುಂಬ ಇದಾರೆ. ಕಾಲು ಎಲ್ಲಿಡ್ಲಿ, ನೀನೇ ಹೇಳು."

ಮೈದುನ ಕೆಳಗೆ ನೋಡಿಕೊಂಡ. ಒಂದು ಕಾಲು ಎತ್ತಿದ. ಎಲ್ಲಿಡುವುದೆಂದು ತಿಳಿಯದೆ ಒಂಟಿಕಾಲಲ್ಲಿ ನಿಂತೇ ಇದ್ದ.